ಭಾರತದ ಟೋಪಿ, ಮಾಟುಂಗದ ಲೆಕ್ಕ

ಮಾಟುಂಗದ ದಡ್ಕರ್ ಮೈದಾನದಲ್ಲಿ ಸಂಜೆ ನೆಟ್ಸ್ ನಡೆಯುವಾಗ ಹೊರಗೆ ಅಪ್ಪಂದಿರದೊಂದು ಸಾಲು ನಿಂತಿರುತ್ತದೆ. ಯಾರೂ ಯಾರೊಂದಿಗೂ ಹೆಚ್ಚು ಮಾತಾಡುವುದಿಲ್ಲ. ಎಲ್ಲರ ಕಣ್ಣೂ ತಮ್ಮ ತಮ್ಮ ಮಗನ ಮುಂಗಾಲಿನ ಮೇಲೆ. ಅವರಲ್ಲೊಬ್ಬರು ನನ್ನ ಪರಿಚಯದವರು. ಕಾಪು ಕಡೆಯವರು, ಸಾಯನ್‌ನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಎರಡು ಗಂಟೆ ಬಿಡುವು ಮಾಡಿಕೊಂಡು ಇಲ್ಲಿಗೆ ಬರುತ್ತಾರೆ. ಅವರ ಅಂಗಿ ಜೇಬಿನಲ್ಲಿ ಸಣ್ಣದೊಂದು ಡೈರಿ. ಅದರ ಮುಂದಿನ ಪುಟಗಳಲ್ಲಿ ಹೋಟೆಲಿಗೆ ಬಂದ ಹಾಲಿನ ಲೆಕ್ಕ, ಹಿಂದಿನಿಂದ ತೆಗೆದರೆ ಮಗನ ಲೆಕ್ಕ: ಬ್ಯಾಟು, ಪ್ಯಾಡು, ಬೂಟು, ಕೋಚಿಂಗ್ ಶುಲ್ಕ, ಲೋಕಲ್ ರೈಲಿನ ಪಾಸು, ಪಂದ್ಯದ ದಿನ ಕೈಗೆ ಕೊಡುವ ನೂರು ರೂಪಾಯಿ. ಎರಡೂ ಲೆಕ್ಕ ಡೈರಿಯ ನಡುವೆ ಬಂದು ಮುಟ್ಟುವ ಹೊತ್ತಾಗಿದೆ.

ಕಳೆದ ವಾರ ಅವರು ಡೈರಿ ಮುಚ್ಚಿ ನನ್ನ ಕಡೆ ತಿರುಗಿದರು. “ಹತ್ತನೆಯ ತರಗತಿ ಮುಗಿಯುತ್ತಾ ಬಂತು ಮಾರಾಯರೆ. ಸೈನ್ಸೋ ಕಾಮರ್ಸೋ ಎಂದು ಮನೆಯಲ್ಲಿ ದಿನಾ ಜಗಳ. ಸೈನ್ಸ್ ತೆಗೆದುಕೊಂಡರೆ ಆಟ ಹೋಯಿತು. ಕಾಮರ್ಸ್ ತೆಗೆದುಕೊಂಡು ಆಟವೂ ಹೋದರೆ?”

ಕ್ರಿಕೆಟ್ ಬಗ್ಗೆ ನಾವು ಬರೆಯುವುದೆಲ್ಲ ರನ್ನು, ವಿಕೆಟ್ಟು, ಆಯ್ಕೆಯ ಅನ್ಯಾಯ ಇವುಗಳ ಸುತ್ತ. ಈ ಅಪ್ಪ ಕೇಳಿದ್ದು ಬೇರೆ: ಇದೊಂದು ಉದ್ಯೋಗವಾದರೆ ಸಂಬಳ ಕೊಡುವವರು ಯಾರು, ಎಷ್ಟು ವರ್ಷ, ಆಮೇಲೇನು? ನನಗೆ ತೋಚುವುದು ಇಷ್ಟು. ಒಂದು ಕಾಲದಲ್ಲಿ ಭಾರತದ ಟೋಪಿ, ಅಂದರೆ ದೇಶದ ತಂಡದಲ್ಲಿ ಆಡುವ ಅವಕಾಶ, ಗೌರವ ಕೊಡುತ್ತಿತ್ತು, ಅನ್ನ ಬೇರೆಲ್ಲಿಂದಲೋ ಬರುತ್ತಿತ್ತು. ನಡುವೆ ಕೆಲವು ದಶಕ ಎರಡೂ ಒಂದೇ ಬಾಗಿಲಲ್ಲಿ ಸಿಕ್ಕವು. ಈಗ ಮತ್ತೆ ಬೇರೆಯಾಗಿವೆ. ಅನ್ನದ ಬಾಗಿಲು ಬ್ಯಾಂಕಿನ ಬದಲು ಫ್ರಾಂಚೈಸಿಯದ್ದು, ಅಂದರೆ ಐಪಿಎಲ್‌ನಂಥ ಲೀಗಿನ ಖಾಸಗಿ ತಂಡದ್ದಾಗಿದೆ. ಇವೆರಡರಲ್ಲಿ ಒಂದೂ ತೆರೆಯದವರಿಗೆ ಹಿಂದೆ ಇದ್ದ ಮೂರನೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಹೋಗಿದೆ.

ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕರಾವಳಿಯ ನಂಟಿರುವ ಮೂವರು ಮುಂಬಯಿ ಆಟಗಾರರನ್ನು ಸಾಲಾಗಿ ನಿಲ್ಲಿಸಿದರೆ ಸಾಕು.

ಮೊದಲನೆಯವರನ್ನು ಈಗಿನ ಹುಡುಗರು ಕೇಳಿಯೇ ಇಲ್ಲ. ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರಲ್ಲಿ, ಮೂಲ್ಕಿಯಲ್ಲಿ. ಬೆಳೆದದ್ದು ಬೊಂಬಾಯಿಯಲ್ಲಿ. 1960ರ ಜನವರಿ 1ರಂದು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಕೆಟ್ ಕೀಪರ್ ಆಗಿ ಇಳಿದಾಗ ಇಪ್ಪತ್ತರ ಹುಡುಗ, ಅದುವರೆಗೆ ದೇಶದೊಳಗಿನ ದೊಡ್ಡ ಟೂರ್ನಿಯಾದ ರಣಜಿಯ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕೈಗೆ ಹಾಕಿದ ಗ್ಲೌಸ್ ನರೇನ್ ತಮ್ಹಾನೆ ಅವರದು, ಅಂದರೆ ಯಾರ ಜಾಗಕ್ಕೆ ಬಂದರೋ ಅವರಿಂದಲೇ ಎರವಲು. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಹಿಂದಿನ ರಾತ್ರಿ ಹತ್ತಿರದ ಉದ್ಯಾನದಲ್ಲಿ ಮಲಗಿದ್ದರು ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಕಥೆ. ಚಾಳಿನಲ್ಲಿ ಇದ್ದು ಬಂದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆಮೇಲೆ ಆಡಿದ ಮೊದಲ ರಣಜಿ ಪಂದ್ಯದಲ್ಲೇ ರೈಲ್ವೆ ತಂಡಕ್ಕೆ ದ್ವಿಶತಕ. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192, ಆ ಸರಣಿಯಲ್ಲಿ ಒಟ್ಟು 525 ರನ್. ಇವತ್ತು ಯಾವನಾದರೂ ಕೀಪರ್ ಒಂದು ಸರಣಿಯಲ್ಲಿ ಇಷ್ಟು ಹೊಡೆದರೆ ಅವನ ಮೊಮ್ಮಕ್ಕಳವರೆಗೂ ಚಿಂತೆಯಿಲ್ಲ. ಆದರೆ ಅದೇ ವರ್ಷ ಆಸ್ಟ್ರೇಲಿಯಾ ತಂಡ ಬಂದಾಗ ಕೀಪಿಂಗ್ ಗ್ಲೌಸ್ ಬೇರೆಯವರ ಕೈಯಲ್ಲಿತ್ತು. ಫಾರೂಕ್ ಎಂಜಿನಿಯರ್ ಜೊತೆಗಿನ ಹಗ್ಗಜಗ್ಗಾಟದಲ್ಲೇ ಅವರ ವರ್ಷಗಳು ಕಳೆದವು. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟಿನಲ್ಲಿ ವೇಗದ ಬೌಲರ್ ಇಲ್ಲದ ಭಾರತ ಹೊಸ ಚೆಂಡನ್ನು ಮೈಸೂರಿನ ವಿ. ಸುಬ್ರಮಣ್ಯ ಅವರಿಗೂ ಕೀಪರ್ ಕುಂದರನ್‌ಗೂ ಕೊಟ್ಟಿತು. ಅದೇ ಅವರ ಕೊನೆಯ ಟೆಸ್ಟ್. ವಯಸ್ಸು ಇಪ್ಪತ್ತೇಳು, ಪಂದ್ಯ 18, ರನ್ 981.

ಪಂದ್ಯಕ್ಕೆ ಕೆಲವು ನೂರು ರೂಪಾಯಿ ಸಿಗುತ್ತಿದ್ದ ಕಾಲ ಅದು. ಹೊಟ್ಟೆಪಾಡು ನಡೆದದ್ದು ರೈಲ್ವೆಯಿಂದ. ಕೊನೆಗೆ ಅವರು ಸ್ಕಾಟ್ಲೆಂಡಿಗೆ ಹೋಗಿ ಡ್ರಂಪೆಲಿಯರ್ ಎಂಬ ಕ್ಲಬ್ಬಿಗೆ ವೃತ್ತಿಪರರಾಗಿ ಆಡಿದರು, ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಒಂದು ದೇಶದ ಟೆಸ್ಟ್ ಆಟಗಾರನಿಗೆ ಆಟದಿಂದಲೇ ಬದುಕಲು ಇನ್ನೊಂದು ದೇಶದ ಕ್ಲಬ್ ಬೇಕಾಯಿತು. ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಕುಂದರನ್ ಹಾಕಿಕೊಂಡ ಟೋಪಿಗೆ ಆ ಅರ್ಥವೂ ಸ್ವಲ್ಪ ಅಂಟಿಕೊಂಡಿದೆ.

ಎರಡನೆಯವರು ರವಿ ಶಾಸ್ತ್ರಿ. ಮಂಗಳೂರು ಮೂಲದ ಕುಟುಂಬ, ಓದಿದ್ದು ಇದೇ ಮಾಟುಂಗದ ಡಾನ್ ಬಾಸ್ಕೊ ಶಾಲೆಯಲ್ಲಿ, ಆಮೇಲೆ ಪೋದಾರ್ ಕಾಲೇಜಿನಲ್ಲಿ ಕಾಮರ್ಸ್. 1981ರ ಫೆಬ್ರವರಿಯಲ್ಲಿ ಬದಲಿ ಎಡಗೈ ಸ್ಪಿನ್ನರ್ ಆಗಿ ನ್ಯೂಜಿಲೆಂಡಿಗೆ ಹಾರಿ ಬಂದು ವೆಲಿಂಗ್ಟನ್‌ನಲ್ಲಿ ಆಡಿದಾಗ ಹದಿನೆಂಟು ವರ್ಷ. ಹತ್ತನೆಯ ಕ್ರಮಾಂಕದಲ್ಲಿ ಆರಂಭಿಸಿ, ಇನಿಂಗ್ಸ್ ಆರಂಭಿಸುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಆಟಗಾರ.

ಅವರ ವೃತ್ತಿಜೀವನ ಎರಡು ಯುಗಗಳ ನಡುವಿನ ಹೊಸ್ತಿಲ ಮೇಲೆ ನಿಂತಿದೆ. 1983ರಲ್ಲಿ ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಬಹುಮಾನ ಕೊಡಲು ಭಾರತದ ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಸಂಗ್ರಹಿಸಿಕೊಟ್ಟ ಹಣದಲ್ಲಿ ಒಬ್ಬೊಬ್ಬರಿಗೆ ಒಂದು ಲಕ್ಷ ಸಿಕ್ಕಿತು. ಎರಡೇ ವರ್ಷದಲ್ಲಿ, 1985ರ ಮಾರ್ಚಿನಲ್ಲಿ, ಮೆಲ್ಬರ್ನಿನಲ್ಲಿ ಶಾಸ್ತ್ರಿ ಸರಣಿಶ್ರೇಷ್ಠರಾಗಿ ಆಡಿ ಕಾರು ಗೆದ್ದರು, ಇಡೀ ತಂಡ ಅದರ ಮೇಲೆ ಹತ್ತಿ ಮೈದಾನ ಸುತ್ತಿತು. ಆ ಕಾರನ್ನು ಭಾರತಕ್ಕೆ ತರಲು ಸರ್ಕಾರ ಸುಂಕ ಮನ್ನಾ ಮಾಡಬೇಕಾಯಿತು, ಏಕೆಂದರೆ ಸುಂಕ ಕಟ್ಟುವಷ್ಟು ಹಣ ಕ್ರಿಕೆಟ್ ಆಟಗಾರನ ಬಳಿ ಇರುವುದು ಆಗಿನ ಲೆಕ್ಕದಲ್ಲೇ ಇರಲಿಲ್ಲ.

ಶಾಸ್ತ್ರಿ ಕೊನೆಯ ಟೆಸ್ಟ್ ಆಡಿದ್ದು 1992ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಮಂಡಿ ಕೈಕೊಟ್ಟಿತ್ತು, ವಯಸ್ಸು ಮೂವತ್ತು. ಕುಂದರನ್ ಕಾಲದಲ್ಲಾಗಿದ್ದರೆ ಕಚೇರಿಯ ಕುರ್ಚಿಗೆ ಹಿಂತಿರುಗಬೇಕಿತ್ತು. ಆದರೆ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸರ್ಕಾರದ ಏಕಸ್ವಾಮ್ಯವಲ್ಲ, ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಮೂಲವೇ ಕ್ರಿಕೆಟ್ ಪ್ರಸಾರದ ಜಗಳ. ಖಾಸಗಿ ವಾಹಿನಿಗಳು ಬಂದವು, ಅವುಗಳಿಗೆ ದಿನವಿಡೀ ಮಾತಾಡುವ ಗಂಟಲುಗಳು ಬೇಕಾದವು. ಶಾಸ್ತ್ರಿ ಆಡಿದ್ದು ಹನ್ನೊಂದು ವರ್ಷ ಚಿಲ್ಲರೆ. ಆಟದ ಬಗ್ಗೆ ಮಾತಾಡುತ್ತಿರುವುದು, ನಡುವೆ ತರಬೇತುದಾರನ ಕೆಲಸ ಬಿಟ್ಟರೆ, ಅದರ ಎರಡು ಪಟ್ಟಿಗೂ ಹೆಚ್ಚು ಕಾಲ. ಟೋಪಿ ಅನ್ನಕ್ಕೂ ದಾರಿಯಾದದ್ದು ಅವರ ತಲೆಮಾರಿನಿಂದ. ತೆಂಡೂಲ್ಕರ್, ಗಂಗೂಲಿ, ದ್ರಾವಿಡ್, ಕುಂಬ್ಳೆ ಅದೇ ದಾರಿಯನ್ನು ಹೆದ್ದಾರಿ ಮಾಡಿದರು: ದೇಶಕ್ಕೆ ಆಡು, ಹೆಸರು ಮಾಡು, ಹೆಸರಿಗೆ ಹಣ ಬರುತ್ತದೆ.

ಮೂರನೆಯವರು ಶ್ರೇಯಸ್ ಅಯ್ಯರ್. ತಾಯಿಯ ಕಡೆಯಿಂದ ತುಳುನಾಡಿನ ನಂಟು, ಅದೇ ಡಾನ್ ಬಾಸ್ಕೊ, ಅದೇ ಪೋದಾರ್. ಶಾಲೆ ಕಾಲೇಜು ಬದಲಾಗದಿದ್ದರೂ ಲೋಕ ಬದಲಾಗಿದೆ. 2021ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು. 2024ರ ಫೆಬ್ರವರಿ ಕೊನೆಯಲ್ಲಿ, ದೇಶಿ ಪಂದ್ಯಗಳನ್ನು ಕಡೆಗಣಿಸಿದರೆಂಬ ಮುನಿಸಿನ ನಡುವೆ, ಮಂಡಳಿ ವರ್ಷದ ಸಂಬಳ ಕೊಡುವ ಕೇಂದ್ರ ಒಪ್ಪಂದದ ಪಟ್ಟಿಯಿಂದ ಅವರ ಹೆಸರು ಹೊರಬಿತ್ತು. ಮರು ತಿಂಗಳೇ ವಾಂಖೆಡೆಯಲ್ಲಿ ವಿದರ್ಭದ ವಿರುದ್ಧ ರಣಜಿ ಫೈನಲಿನಲ್ಲಿ 95 ಹೊಡೆದರು; ಮುಂಬಯಿಗೆ ಅದು 42ನೆಯ ರಣಜಿ ಟ್ರೋಫಿ. ಮೇ ತಿಂಗಳಲ್ಲಿ ಅವರ ನಾಯಕತ್ವದಲ್ಲಿ ಕೋಲ್ಕತ್ತ ಐಪಿಎಲ್ ಗೆದ್ದಿತು. ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಪಂಜಾಬ್ ಅವರಿಗೆ ಕೊಟ್ಟ ಬೆಲೆ 26.75 ಕೋಟಿ.

ಗಮನಿಸಿ, ಆ ಬೆಲೆ ಕಟ್ಟುವ ದಿನ ಅವರಿಗೆ ಭಾರತದ ಒಪ್ಪಂದವೇ ಇರಲಿಲ್ಲ. 2025ರ ಏಪ್ರಿಲಿನಲ್ಲಿ ಒಪ್ಪಂದ ಮರಳಿ ಸಿಕ್ಕಾಗ ಬಿ ದರ್ಜೆ, ವರ್ಷಕ್ಕೆ ಮೂರು ಕೋಟಿ. ಎರಡು ತಿಂಗಳ ಲೀಗಿಗೆ ಒಂಬತ್ತು ಪಾಲು, ಹನ್ನೆರಡು ತಿಂಗಳ ದೇಶಕ್ಕೆ ಒಂದು ಪಾಲು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆನ್ನುನೋವಿನ ಕಾರಣ ಕೊಟ್ಟು ಕೆಂಪು ಚೆಂಡಿನ, ಅಂದರೆ ಟೆಸ್ಟ್, ರಣಜಿಯಂಥ ಹಲವು ದಿನಗಳ ಆಟದಿಂದ ಆರು ತಿಂಗಳ ಬಿಡುವು ಕೇಳಿದರು, ಮಂಡಳಿ ಒಪ್ಪಿತು. ಇದರಲ್ಲಿ ನನಗೆ ದೇಶಪ್ರೇಮದ ಕೊರತೆಯೇನೂ ಕಾಣುವುದಿಲ್ಲ. ಬೆನ್ನು ಒಂದೇ, ಅದನ್ನು ಯಾವ ಮಾಲೀಕನಿಗೆ ಎಷ್ಟು ದಿನ ಕೊಡಬೇಕೆಂದು ಕೂಲಿಯವನೂ ಲೆಕ್ಕ ಹಾಕುತ್ತಾನೆ.

ಹೊರದೇಶದವರು ಈ ಲೆಕ್ಕವನ್ನು ಇನ್ನೂ ನೇರವಾಗಿ ಹಾಕುತ್ತಾರೆ. ಟ್ರೆಂಟ್ ಬೌಲ್ಟ್ 2022ರಲ್ಲೇ ನ್ಯೂಜಿಲೆಂಡಿನ ಒಪ್ಪಂದದಿಂದ ಬಿಡುಗಡೆ ಪಡೆದರು, 2024ರಲ್ಲಿ ವಿಲಿಯಮ್ಸನ್ ಒಪ್ಪಂದ ಬೇಡವೆಂದರು. ವೆಸ್ಟ್ ಇಂಡೀಸಿನ ನಿಕೋಲಸ್ ಪೂರನ್ 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ ವಯಸ್ಸು ಇಪ್ಪತ್ತೊಂಬತ್ತು. ಭಾರತದ ಪುರುಷ ಆಟಗಾರನಿಗೆ ಈ ಸ್ವಾತಂತ್ರ್ಯವಿಲ್ಲ. ನಿವೃತ್ತಿಯಾಗುವವರೆಗೆ ವಿದೇಶಿ ಟಿ20 ಲೀಗಿಗೆ ಮಂಡಳಿ ಅನುಮತಿ ಕೊಡುವುದಿಲ್ಲ. 2024ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ದೇಶದ ಆಟ ಮುಗಿಸಿದ ಅಶ್ವಿನ್, ಎಂಟು ತಿಂಗಳ ನಂತರ ಐಪಿಎಲ್ ಸಹ ಬಿಟ್ಟ ಮೇಲಷ್ಟೇ ಬೇರೆ ಲೀಗುಗಳ ಕಡೆ ನೋಡಲು ಸಾಧ್ಯವಾಯಿತು. ದೇಶದ ತಂಡ, ರಾಜ್ಯದ ಪಂದ್ಯ, ಲೀಗು ಮೂರಕ್ಕೂ ಕೊನೆಯ ಸಹಿ ಒಂದೇ ಕಚೇರಿಯದ್ದು. ಅದು ಇಲ್ಲೇ ಚರ್ಚ್‌ಗೇಟ್ ಬಳಿ, ವಾಂಖೆಡೆಯ ಆವರಣದಲ್ಲಿದೆ.

ಮಂಡಳಿಗೂ ತಕ್ಕಡಿ ಒಂದೇ ಕಡೆ ವಾಲುತ್ತಿರುವುದು ಗೊತ್ತು. ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3 ಲಕ್ಷ ಎಂಬ ಶುಲ್ಕದ ಮೇಲೆ 2024ರ ಮಾರ್ಚಿನಲ್ಲಿ ಇನ್ನೊಂದು ಪದರ ಸೇರಿಸಿದರು: ಋತುವಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಟೆಸ್ಟ್ ಆಡಿದವನಿಗೆ ಪಂದ್ಯವೊಂದಕ್ಕೆ ಹೆಚ್ಚುವರಿ 45 ಲಕ್ಷ. ಟೆಸ್ಟ್ ಆಡಲು ಪ್ರೋತ್ಸಾಹಧನ ಕೊಡಬೇಕಾದ ದಿನ ಬಂದಿತೆಂದು ಕುಂದರನ್‌ಗೆ ಹೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ.

ಕೋಟಿಗಳ ಸುದ್ದಿ ಓದಿ ಆಟಗಾರರೆಲ್ಲ ಕುಬೇರರೆಂದುಕೊಳ್ಳುವುದು ಸುಲಭ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಮಾರಾಟವಾಗಿದೆ. ವರ್ಷಕ್ಕೆ ಸರಾಸರಿ 9,678 ಕೋಟಿ. 2025ರಲ್ಲಿ ಒಂದು ತಂಡ ಆಟಗಾರರಿಗಾಗಿ, ಹರಾಜಿನ ಬೆಲೆ ಮತ್ತು ಭತ್ಯೆ ಎಲ್ಲ ಸೇರಿ, ಮಾಡಬಹುದಾಗಿದ್ದ ವೆಚ್ಚದ ಮಿತಿ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಅಂದರೆ ಪ್ರಸಾರದ ಹಣವೊಂದನ್ನೇ ಹಿಡಿದರೂ ರೂಪಾಯಿಯಲ್ಲಿ ಹದಿನೈದು ಪೈಸೆ. ಟಿಕೆಟ್ಟು, ಪ್ರಾಯೋಜಕರ ಹಣ ಸೇರಿಸಿದರೆ ಅದೂ ಇಳಿಯುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಆದಾಯದ ಸುಮಾರು ಅರ್ಧ ಆಟಗಾರರಿಗೆ ಹೋಗುತ್ತದೆ. ಅಲ್ಲಿ ಆಟಗಾರರ ಸಂಘ ಮೇಜಿನ ಎದುರು ಕೂತು ಚೌಕಾಸಿ ಮಾಡುತ್ತದೆ. 2017ರಲ್ಲಿ ಆಸ್ಟ್ರೇಲಿಯಾದ ಸುಮಾರು 230 ಆಟಗಾರರು ಆದಾಯದ ಪಾಲಿಗಾಗಿ ಒಂದು ತಿಂಗಳು ಒಪ್ಪಂದವಿಲ್ಲದೆ ಹಟ ಹಿಡಿದು ಕೂತರು, ದೇಶಿ ಪಂದ್ಯಗಳ ಹುಡುಗರಿಗೂ ಪಾಲು ಉಳಿಸಿಕೊಟ್ಟರು. ನಮ್ಮಲ್ಲಿ 2019ರಲ್ಲಿ ಹುಟ್ಟಿದ ಆಟಗಾರರ ಸಂಘ ನಿವೃತ್ತರದ್ದು. ಆಡುತ್ತಿರುವವರಿಗೆ ಸಂಘವೇ ಇಲ್ಲ. ಗಿರಣಿ ಮುಷ್ಕರಗಳ ಊರಿನಲ್ಲಿ ಕೂತು ಇದನ್ನು ಬರೆಯುವಾಗ ಸ್ವಲ್ಪ ವಿಚಿತ್ರವೆನಿಸುತ್ತದೆ.

ಇನ್ನು ಆ ಡೈರಿಯ ಹುಡುಗನಿಗೆ ನಿಜವಾಗಿ ಸಂಬಂಧಪಟ್ಟ ಲೆಕ್ಕ. ರಣಜಿಯಲ್ಲಿ 38 ತಂಡಗಳು. ತಂಡಕ್ಕೆ ಹದಿನೈದು ಮಂದಿ ಎಂದರೂ 570 ಆಟಗಾರರು. ಐಪಿಎಲ್‌ನ ಹತ್ತು ತಂಡಗಳಲ್ಲಿ, ತಂಡವೊಂದಕ್ಕೆ ಎಂಟರಂತೆ ವಿದೇಶಿಯರ ಜಾಗ ಬಿಟ್ಟರೆ, ಭಾರತೀಯರಿಗೆ ಹೆಚ್ಚೆಂದರೆ 170 ಸ್ಥಾನ. 2024–25ರ ಕೇಂದ್ರ ಒಪ್ಪಂದದ ಪಟ್ಟಿಯಲ್ಲಿದ್ದವರು 34 ಮಂದಿ. ಈ 34 ಮಂದಿಯ ಬಗ್ಗೆ ದಿನಕ್ಕೆ ಸಾವಿರ ಲೇಖನ ಬರುತ್ತವೆ. ಉಳಿದ ನಾನೂರು ಮಂದಿ, ರಣಜಿ ಇದೆ ಐಪಿಎಲ್ ಇಲ್ಲ ಎಂಬವರು, ಏನು ತಿನ್ನುತ್ತಾರೆ?

2021ರಲ್ಲಿ ಏರಿಸಿದ ದರದಂತೆ ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವನಿಗೆ ರಣಜಿಯಲ್ಲಿ ದಿನಕ್ಕೆ 60,000, ಇಪ್ಪತ್ತರೊಳಗಿನ ಹೊಸಬನಿಗೆ 40,000. ನಾಲ್ಕು ದಿನದ ಏಳು ಲೀಗ್ ಪಂದ್ಯ ಆಡಿದರೆ ಹಳಬನಿಗೆ 16.8 ಲಕ್ಷ, ಹೊಸಬನಿಗೆ 11.2 ಲಕ್ಷ. ಕೇಳಲು ಒಳ್ಳೆಯ ಸಂಬಳವೇ. ಆದರೆ ಹನ್ನೊಂದರಲ್ಲಿ ಇಲ್ಲದೆ ಬೆಂಚಿನ ಮೇಲೆ ಕೂತರೆ ಅರ್ಧ. ಬೆರಳು ಮುರಿದು ಮನೆಯಲ್ಲಿ ಕೂತರೆ ಪಂದ್ಯಶುಲ್ಕವಿಲ್ಲ. ಮುಂದಿನ ವರ್ಷ ಇರುತ್ತದೆಂಬ ಕಾಗದ ಎಲ್ಲಿಯೂ ಇಲ್ಲ. ದಿನಗೂಲಿಯೇ, ಕೂಲಿ ದೊಡ್ಡದು ಅಷ್ಟೆ. ಮೂವತ್ತೆರಡರಲ್ಲಿ ಅದು ನಿಂತಾಗ ಕೈಯಲ್ಲಿರುವುದು ಬಿ.ಕಾಂ. ಪದವಿ ಮತ್ತು ಸವೆದ ಭುಜ.

ಮುಂಬಯಿಯಲ್ಲಿ ಇಂಥವರಿಗಾಗಿಯೇ ಇದ್ದದ್ದು ಆ ಮೂರನೆಯ ಬಾಗಿಲು: ಕಚೇರಿ ಕ್ರಿಕೆಟ್. ಟೈಮ್ಸ್ ಶೀಲ್ಡ್ ಎಂಬುದು ಕಂಪನಿಗಳ ನಡುವಿನ ಟೂರ್ನಿ. ಸುನಿಲ್ ಗಾವಸ್ಕರ್ ನಿರ್ಲಾನ್ ಕಂಪನಿಯಲ್ಲಿದ್ದರು, ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನಲ್ಲಿ, ಮಡಗಾಂವಿನಿಂದ ಬಂದು 1971ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ 642 ರನ್ ಹೊಡೆದ ದಿಲೀಪ್ ಸರ್ದೇಸಾಯಿ ಎಸಿಸಿ ಸಿಮೆಂಟ್ ಕಂಪನಿಯಲ್ಲಿ. ದೊಡ್ಡವರ ಹೆಸರು ಬಿಡಿ. ಅವರ ಹಿಂದೆ ನೂರಾರು ಮಂದಿ ಎಂದೂ ಭಾರತಕ್ಕೆ ಆಡದವರು ಅದೇ ಕಚೇರಿಗಳಲ್ಲಿ ಐವತ್ತೆಂಟರವರೆಗೆ ಕೆಲಸ ಮಾಡಿ ಪಿಂಚಣಿ ಪಡೆದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದೆ. ಪಕ್ಕದ ಮೇಜಿನ ಎಡಗೈ ಬ್ಯಾಟ್ಸ್‌ಮನ್ ಬೆಳಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಕಿಟ್ ಹೊತ್ತು ಕ್ರಾಸ್ ಮೈದಾನಕ್ಕೆ ಹೊರಡುತ್ತಿದ್ದರು. ಅವರ ಲೆಡ್ಜರನ್ನು ನಾವು ಮೂವರು ಹಂಚಿಕೊಂಡು ಬರೆಯುತ್ತಿದ್ದೆವು, ಗೊಣಗುತ್ತಲೇ. ಅರ್ಧಶತಕ ಹೊಡೆದ ಮರುದಿನ ಅವರ ಖರ್ಚಿನಲ್ಲಿ ಎಲ್ಲರಿಗೂ ಬಟಾಟೆ ವಡೆ. ಆ ಬ್ಯಾಂಕ್ ಕ್ರಿಕೆಟಿಗೆ ಕೊಟ್ಟ ನಿಜವಾದ ಧನಸಹಾಯ ನಮ್ಮ ಮೂವರ ಬೆರಳಿನದ್ದು ಎಂದು ಈಗಲೂ ನಾನು ತಮಾಷೆ ಮಾಡುತ್ತೇನೆ.

ಪದ್ಮಾಕರ ಶಿವಾಲ್ಕರ್ ಅವರಂಥವರು ಸಾಧ್ಯವಾದದ್ದು ಆ ವ್ಯವಸ್ಥೆಯ ಒಳಗೆ. ರಣಜಿಯಂಥ ಹಲವು ದಿನಗಳ ಪ್ರಥಮ ದರ್ಜೆಯ ಪಂದ್ಯಗಳಲ್ಲಿ 589 ವಿಕೆಟ್, ಒಂದೂ ಟೆಸ್ಟ್ ಇಲ್ಲ, ಏಕೆಂದರೆ ಅದೇ ಎಡಗೈ ಸ್ಪಿನ್ನಿಗೆ ಬಿಷನ್ ಸಿಂಗ್ ಬೇಡಿ ಇದ್ದರು. 1972–73ರ ರಣಜಿ ಫೈನಲಿನಲ್ಲಿ ಮದರಾಸಿನಲ್ಲಿ 16 ರನ್ನಿಗೆ 8, ಮತ್ತೆ 18 ರನ್ನಿಗೆ 5. ಅದು ಬೊಂಬಾಯಿಯ ಸತತ ಹದಿನೈದನೆಯ ಟ್ರೋಫಿ. ಮರುವರ್ಷ ಆ ಸರಪಳಿಯನ್ನು ಕಡಿದದ್ದು ನಮ್ಮ ಪ್ರಸನ್ನ, ಚಂದ್ರಶೇಖರ್ ಇದ್ದ ಕರ್ನಾಟಕ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಶಿವಾಲ್ಕರ್ ನಲವತ್ತೇಳರ ವಯಸ್ಸಿನಲ್ಲೂ ರಣಜಿ ಆಡಿದರು. ಟೋಪಿ ಬರಲಿಲ್ಲ, ಆದರೆ ಅವರು ಆಟ ಬಿಡುವ ಒತ್ತಡವೂ ಬರಲಿಲ್ಲ.

ಗಿರಣಿಗಳು ಮುಚ್ಚಿದವು, ಕಂಪನಿಗಳು ತಂಡಗಳನ್ನು ಕೈಬಿಟ್ಟವು, ಬ್ಯಾಂಕುಗಳು ಖಾಯಂ ನೇಮಕಾತಿಗೇ ಹಿಂಜರಿದವು. ಕರಾವಳಿಯವರ ಬಾಯಲ್ಲಿ ಮನೆಮಾತಾಗಿದ್ದ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಹೆಸರೇ 2019, 2020ರ ವಿಲೀನದಲ್ಲಿ ಬೋರ್ಡಿನಿಂದ ಇಳಿದವು. ಕಂಪನಿಗೂ ಈಗ ತಂಡ ಸಾಕುವುದಕ್ಕಿಂತ ಐಪಿಎಲ್ ಅಂಗಿಯ ತೋಳಿನ ಮೇಲೆ ಹೆಸರು ಹಾಕಿಸುವುದು ಲಾಭ. ಮಂಡಳಿ 2022ರಲ್ಲಿ ಪಿಂಚಣಿ ಹೆಚ್ಚಿಸಿ ತಿಂಗಳಿಗೆ 30,000ದಿಂದ 70,000ದವರೆಗೆ ಮಾಡಿದ್ದು ಹಳಬರಿಗೆ ನಿಜವಾದ ಆಸರೆ. ಮೂವತ್ತೆರಡರಲ್ಲಿ ಆಟ ನಿಂತವನು ಅಲ್ಲಿಗೆ ತಲುಪುವವರೆಗಿನ ವರ್ಷಗಳಿಗೆ ಮಾತ್ರ ಯಾರೂ ಹೊಣೆಯಲ್ಲ.

ಅದಕ್ಕೇ ಆಟಗಾರರು ಊರು ಬಿಟ್ಟು ಊರು ಹುಡುಕುತ್ತಾರೆ. ಮುಂಬಯಿಯಲ್ಲಿ ಜಾಗವಿಲ್ಲದವನಿಗೆ ಗೋವಾ ಇದೆ: 2022ರಲ್ಲಿ ಅರ್ಜುನ್ ತೆಂಡೂಲ್ಕರ್ ಅಲ್ಲಿಗೆ ಹೋಗಿ ಪರ್ವರಿಯ ಮೈದಾನದಲ್ಲಿ ಮೊದಲ ರಣಜಿ ಪಂದ್ಯದಲ್ಲೇ ಶತಕ ಹೊಡೆದರು. ಕರ್ನಾಟಕದ ಅಮಿತ್ ವರ್ಮಾ, ಕೆ.ವಿ. ಸಿದ್ಧಾರ್ಥ್ ಕೂಡ ಗೋವಾಕ್ಕೆ ಆಡಿದವರೇ. ಆಜಾದ್ ಮೈದಾನದ ಡೇರೆಯಲ್ಲಿ ಮಲಗಿ ಮೇಲೆ ಬಂದ, ಭಾರತದ ತಂಡದಲ್ಲಿ ನೆಲೆಯೂರಿದ ಯಶಸ್ವಿ ಜೈಸ್ವಾಲ್ ಸಹ 2025ರ ಏಪ್ರಿಲಿನಲ್ಲಿ ಗೋವಾಕ್ಕೆ ಹೋಗಲು ನಿರಾಕ್ಷೇಪಣಾ ಪತ್ರ ಕೇಳಿ, ಮುಂದಿನ ತಿಂಗಳೇ ಮನಸ್ಸು ಬದಲಿಸಿದರು. ಹದಿನೆಂಟರಲ್ಲಿ ಮೊದಲ ಟೆಸ್ಟಿನಲ್ಲೇ 134 ಹೊಡೆದ ಪೃಥ್ವಿ ಶಾ ಅವರನ್ನು 2024ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಮುಂದಿನ ವರ್ಷ ಅವರು ಘಾಟಿ ಹತ್ತಿ ಪುಣೆಗೆ, ಮಹಾರಾಷ್ಟ್ರ ತಂಡಕ್ಕೆ ಹೋಗಿ ಚಂಡೀಗಢದ ವಿರುದ್ಧ 222 ಹೊಡೆದರು. ಪುಣೆಗೆ ಇಂಥ ಕಥೆ ಹೊಸದೇನಲ್ಲ. 1948ರ ಡಿಸೆಂಬರಿನಲ್ಲಿ ಭಾವುಸಾಹೇಬ್ ನಿಂಬಾಳ್ಕರ್ ಅಲ್ಲೇ ಔಟಾಗದೆ 443 ಹೊಡೆದು, ಎದುರಾಳಿ ನಾಯಕ ಪಂದ್ಯ ಬಿಟ್ಟುಕೊಟ್ಟದ್ದರಿಂದ ಬ್ರಾಡ್ಮನ್ನರ 452ರ ದಾಖಲೆಗೆ ಒಂಬತ್ತು ರನ್ ಹಿಂದೆ ನಿಂತರು. ಒಂದು ಟೆಸ್ಟ್ ಕೂಡ ಆಡಲಿಲ್ಲ.

ನಮ್ಮ ಕರುಣ್ ನಾಯರ್ ಕಥೆ ಎಲ್ಲರಿಗೂ ಗೊತ್ತಿದೆ, ಆದರೂ ಅದರ ಉದ್ಯೋಗದ ಮುಖವನ್ನು ಯಾರೂ ನೋಡುವುದಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅಜೇಯ 303, ಮೂರು ತಿಂಗಳಲ್ಲಿ ತಂಡದ ಹೊರಗೆ. ಕರ್ನಾಟಕದಲ್ಲೂ ಜಾಗ ಕಳೆದುಕೊಂಡ ಮೇಲೆ 2023ರಲ್ಲಿ ವಿದರ್ಭಕ್ಕೆ ಹೋದರು, 2024–25ರಲ್ಲಿ ಆ ತಂಡ ರಣಜಿ ಗೆದ್ದಾಗ ಫೈನಲಿನಲ್ಲಿ 86 ಮತ್ತು 135 ಹೊಡೆದರು, 2025ರ ಜೂನಿನಲ್ಲಿ ಎಂಟು ವರ್ಷದ ನಂತರ ಮತ್ತೆ ಟೆಸ್ಟ್ ಆಡಿದರು. ನಾಗಪುರಕ್ಕೆ ಹೋಗಿ ರನ್ ಹೊಡೆಯುವ ಅವಕಾಶ ಇಲ್ಲದಿದ್ದರೆ ಆ ಮರುಪ್ರವೇಶ ಬರಿಯ ಆಸೆಯಾಗಿ ಉಳಿಯುತ್ತಿತ್ತು. ವಲಸೆಯನ್ನು ನಿಷ್ಠೆಯ ಪ್ರಶ್ನೆ ಮಾಡುವವರು, ಮುಂಬಯಿಗೆ ಬಂದು ಹೋಟೆಲು ಕಟ್ಟಿದ ನಮ್ಮ ಹಿರಿಯರನ್ನು ಒಮ್ಮೆ ನೆನೆಯಬೇಕು.

ಅಮೋಲ್ ಮಜುಂದಾರ್ ಅವರನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. 1988ರಲ್ಲಿ ಆಜಾದ್ ಮೈದಾನದಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ನಿನ ಜೊತೆಯಾಟ ಆಡುತ್ತಿದ್ದಾಗ ಪ್ಯಾಡ್ ಕಟ್ಟಿಕೊಂಡು ಮುಂದಿನ ಸರದಿಗೆ ಕೂತಿದ್ದ ಹುಡುಗ. ಸರದಿ ಬರಲಿಲ್ಲ. 1994ರಲ್ಲಿ ಮೊದಲ ರಣಜಿ ಪಂದ್ಯದಲ್ಲಿ 260, ಆಗ ಅದು ವಿಶ್ವದಾಖಲೆ. ಒಟ್ಟು 11,167 ಪ್ರಥಮ ದರ್ಜೆಯ ರನ್, ಮುಂಬಯಿ ನಂತರ ಅಸ್ಸಾಂ, ಆಮೇಲೆ ಆಂಧ್ರ. ಭಾರತದ ಟೋಪಿ ಬರಲೇ ಇಲ್ಲ. 2023ರ ಅಕ್ಟೋಬರಿನಲ್ಲಿ ಅವರು ಭಾರತದ ಮಹಿಳಾ ತಂಡದ ಮುಖ್ಯ ತರಬೇತುದಾರರಾದರು. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿತು.

ಮಹಿಳೆಯರ ಲೆಕ್ಕ ಈಗಷ್ಟೇ ಬರೆಯಲಾಗುತ್ತಿದೆ. 2022ರ ಅಕ್ಟೋಬರಿನಿಂದ ಪಂದ್ಯಶುಲ್ಕ ಪುರುಷರಷ್ಟೇ. ಪಂದ್ಯಗಳ ಸಂಖ್ಯೆ ಅಷ್ಟಿಲ್ಲ. ವಾರ್ಷಿಕ ಒಪ್ಪಂದದ ಮೇಲಿನ ದರ್ಜೆ 2024–25ರಲ್ಲಿ 50 ಲಕ್ಷ, ಪುರುಷರಲ್ಲಿ ಕೆಳಗಿನ ದರ್ಜೆ ಒಂದು ಕೋಟಿ. ಮಹಿಳಾ ಲೀಗಿನ ಐದು ತಂಡಗಳಲ್ಲಿ ಭಾರತೀಯರಿಗೆ ಸಿಗುವುದು ಅರವತ್ತು ಸ್ಥಾನ. ಒಂದರಲ್ಲಿ ಮಾತ್ರ ಅವರು ಮುಂದಿದ್ದಾರೆ: ವಿದೇಶಿ ಲೀಗುಗಳಲ್ಲಿ ಆಡಲು ಅವರಿಗೆ ತಡೆಯಿಲ್ಲ.

ಇದನ್ನೆಲ್ಲ ನಾನು ಡೈರಿಯವರಿಗೆ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಶಾಸ್ತ್ರಿ, ಅಯ್ಯರ್ ಇಬ್ಬರೂ ಇಲ್ಲೇ ಪೋದಾರಿನಲ್ಲಿ ಕಾಮರ್ಸ್ ಓದಿದವರು ಎಂದಷ್ಟೇ ಹೇಳಿದೆ. ಅವರು ನಕ್ಕರು.

“ಪೋದಾರಿನಲ್ಲಿ ಸೀಟಿಗೆ ಎಷ್ಟು ಅಂಕ ಬೇಕು ಗೊತ್ತುಂಟಾ? ನಮ್ಮವನ ಅಂಕಕ್ಕೆ ಅವರು ಗೇಟಿನ ಒಳಗೂ ಬಿಡಲಿಕ್ಕಿಲ್ಲ. ಕ್ರೀಡಾ ಕೋಟಾದಲ್ಲಿ ನೋಡಬಹುದು, ಅದಕ್ಕೆ ಸರ್ಟಿಫಿಕೇಟು ಬೇಕಂತೆ.”

ಹುಡುಗ ನೆಟ್ಸ್ ಮುಗಿಸಿ ಬಂದ. ಹೆಗಲಿಗೆ ಏರಿಸಿದ ಕಿಟ್ ಅವನಿಗಿಂತ ನಾಲ್ಕೇ ಬೆರಳು ಗಿಡ್ಡ. ಶನಿವಾರ ಎಂಟು ಗಂಟೆಗೆ ಓವಲ್ ಮೈದಾನದಲ್ಲಿ ಪಂದ್ಯ, ತನ್ನ ಹೆಸರು ಹದಿನೈದರಲ್ಲಿದೆ, ಹನ್ನೊಂದರಲ್ಲಿ ಇದೆಯೋ ಇಲ್ಲವೋ ಬೆಳಗ್ಗೆ ಹೇಳುತ್ತಾರೆ ಎಂದ. ಅಪ್ಪ ಡೈರಿಯನ್ನು ಹಿಂದಿನಿಂದ ತೆರೆದು, ಶನಿವಾರದ ಮುಂದೆ ನೂರು ಎಂದು ಬರೆದರು.